ವರ್ಟಸ್ ಜಿಟಿ, ಸ್ಲಾವಿಯಾ 1.5, ವರ್ನಾ ಟರ್ಬೊ: ಹೊಸ ಟೈರ್ ಆರಿಸುವುದು ಹೇಗೆ?

ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, ಸ್ಕೋಡಾ ಸ್ಲಾವಿಯಾ 1.5, ಹ್ಯುಂಡೈ ವರ್ನಾ ಟರ್ಬೊ ಈ ಮೂರಕ್ಕೂ ಟೈರ್ ಅಳತೆ ಒಂದೇ: 205/55 ಆರ್16 (ಅಗಲ 205 ಮಿ.ಮೀ., ಪಕ್ಕದ ಗೋಡೆ ಅಂದರೆ ಸೈಡ್‌ವಾಲ್ ಎತ್ತರ ಅದರ 55 ಶೇಕಡಾ, ರಿಮ್ 16 ಇಂಚು). ಮೊದಲೆರಡು ಕಾರುಗಳ ಎಂಜಿನ್ 150 ಪಿಎಸ್, 250 ನ್ಯೂಟನ್ ಮೀಟರ್ ಕೊಡುತ್ತದೆ. ವರ್ನಾದ್ದು 160 ಪಿಎಸ್, 253 ನ್ಯೂಟನ್ ಮೀಟರ್. ಈ ಬಲವೆಲ್ಲ ಮುಂದಿನ ಎರಡೇ ಚಕ್ರಗಳಿಂದ ರಸ್ತೆಗೆ ಇಳಿಯಬೇಕು. ಅದೇ ಕಾರಿನ ಹಿಂದಿನ ಸೀಟಿನಲ್ಲಿ ಅಜ್ಜಿ, ಮಕ್ಕಳು ಕೂತಿರುತ್ತಾರೆ, ಡಿಕ್ಕಿಯಲ್ಲಿ ಊರಿಗೆ ಒಯ್ಯುವ ಸಾಮಾನು ತುಂಬಿರುತ್ತದೆ. ಹಿಡಿತ ಬೇಕು, ಸದ್ದು ಬೇಡ, ಗುಂಡಿಗೆ ಬಿದ್ದರೆ ತಡೆಯಬೇಕು, ಬೇಗ ಸವೆಯಬಾರದು, ಮೈಲೇಜೂ ಕುಗ್ಗಬಾರದು. ಇಷ್ಟನ್ನೂ ಒಟ್ಟಿಗೆ ಕೊಡುವ ಟೈರನ್ನು ಯಾವ ಕಂಪನಿಯೂ ಮಾಡುವುದಿಲ್ಲ. ಒಂದರಲ್ಲಿ ಗಳಿಸಿದ್ದನ್ನು ಇನ್ನೊಂದರಲ್ಲಿ ಕಳೆದುಕೊಳ್ಳಲೇಬೇಕು. ಹಾಗಾಗಿ ಯಾವ ಕೊರತೆಯನ್ನು ನೀವು ಸಹಿಸಬಲ್ಲಿರಿ ಎಂದು ಮೊದಲು ತೀರ್ಮಾನಿಸಿಕೊಳ್ಳಿ. ಬ್ರ್ಯಾಂಡಿನ ಮಾತು ಆಮೇಲೆ.

205/55 ಆರ್16 ಜಗತ್ತಿನಾದ್ಯಂತ ತುಂಬ ಓಡುವ ಅಳತೆ. ಕೊರೊಲ್ಲಾ ಆಲ್ಟಿಸ್‌ಗೂ, ಯುರೋಪಿನ ಗಾಲ್ಫ್‌ಗೂ ಬಂದದ್ದು ಇದೇ. ಆದ್ದರಿಂದ ಆಯ್ಕೆಗೆ ಕೊರತೆಯಿಲ್ಲ, ಗೊಂದಲಕ್ಕೂ ಇಲ್ಲ.

ಮೊದಲು ಹಳೆಯ ಟೈರ್ ನೋಡಿ

ಅಂಗಡಿಗೆ ಹೋಗುವ ಮೊದಲು ಹಳೆಯ ಟೈರ್ ಹೇಗೆ ಸವೆದಿದೆ ಎಂದು ಬಗ್ಗಿ ನೋಡಿ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಒಳಗಿನ ಅಂಚು ಒಂದೇ ಬೋಳಾಗಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಅಂಗೈಯನ್ನು ಟ್ರೆಡ್ (ರಸ್ತೆಗೆ ತಾಗುವ, ತೋಡುಗಳಿರುವ ಮೈ) ಮೇಲೆ ಅಡ್ಡಲಾಗಿ ಸವರಿ: ಒಂದು ಕಡೆಗೆ ನುಣುಪು, ವಾಪಸ್ ಬರುವಾಗ ಗರಗಸದಂತೆ ಚುಚ್ಚಿದರೆ ಟೋ ಕೋನ (ಚಕ್ರ ಒಳಕ್ಕೋ ಹೊರಕ್ಕೋ ಓರೆಯಾಗಿರುವ ಕೋನ) ಸರಿಯಿಲ್ಲ. ಸುತ್ತಲೂ ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ದಣಿದಿರಬಹುದು, ಇಲ್ಲವೇ ಬ್ಯಾಲೆನ್ಸಿಂಗ್ ಹೋಗಿರಬಹುದು. ಇವನ್ನು ಸರಿಪಡಿಸದೆ ದುಬಾರಿ ಟೈರ್ ಹಾಕಿದರೆ ಅದೂ ಹತ್ತು ಹದಿನೈದು ಸಾವಿರ ಕಿಲೋಮೀಟರಿನೊಳಗೆ ಅದೇ ಆಕಾರಕ್ಕೆ ಬರುತ್ತದೆ. ಆಗ ಬೈಗುಳ ತಿನ್ನುವುದು ಟೈರ್ ಕಂಪನಿ.

ತಗ್ಗು ಬಿದ್ದ ಟೈರಿನ ಗುಂಯ್‌ಗುಡುವ ಸದ್ದನ್ನು ವೀಲ್ ಬೇರಿಂಗ್ ಸದ್ದು ಎಂದುಕೊಂಡು ಬೇರಿಂಗ್ ಬದಲಿಸುವವರೂ ಇದ್ದಾರೆ. ವ್ಯತ್ಯಾಸ ಗುರುತಿಸುವುದು ಸುಲಭ. ರಸ್ತೆಯ ಮೈ ಬದಲಾದಾಗ ಸದ್ದೂ ಬದಲಾದರೆ ಅದು ಟೈರಿನದು. ಡಾಂಬರಿಗೂ ಕಾಂಕ್ರೀಟಿಗೂ ಒಂದೇ ಥರ ಇದ್ದು, ತಿರುವಿನಲ್ಲಿ ಭಾರ ಒಂದು ಪಕ್ಕಕ್ಕೆ ಬಿದ್ದಾಗ ಏರಿಳಿದರೆ ಬೇರಿಂಗ್ ನೋಡಿಸಿ.

ಯಾವಾಗ ಬದಲಿಸಬೇಕು? ಕಾನೂನಿನ ಮಿತಿ 1.6 ಮಿ.ಮೀ. ತೋಡುಗಳ ತಳದಲ್ಲಿ ಅಡ್ಡಲಾಗಿರುವ ಸಣ್ಣ ಉಬ್ಬುಪಟ್ಟಿ ಆ ಎತ್ತರದ್ದು, ಟ್ರೆಡ್ ಅದರ ಮಟ್ಟಕ್ಕೆ ಬಂದರೆ ಟೈರ್ ಮುಗಿಯಿತು. ಹೊಸ ಟೈರಿನ ತೋಡು ಸುಮಾರು 8 ಮಿ.ಮೀ. ಇರುತ್ತದೆ. ಆದರೆ 3 ಮಿ.ಮೀ.ಗಿಂತ ಕೆಳಗಿಳಿದ ತೋಡಿಗೆ ನಿಂತ ನೀರನ್ನು ವೇಗದಲ್ಲಿ ಹೊರಹಾಕುವ ಶಕ್ತಿ ಚೆನ್ನಾಗಿ ಕುಗ್ಗಿರುತ್ತದೆ. ಒಣ ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಮೇ ತಿಂಗಳಲ್ಲಿ 3 ಮಿ.ಮೀ. ಉಳಿದಿದ್ದರೆ ಮಳೆಗಾಲ ಕಳೆಯಲಿ ಎಂದು ಕಾಯಬೇಡಿ. ಶಿರಾಡಿ, ಚಾರ್ಮಾಡಿ, ಆಗುಂಬೆ ಕಡೆ ಓಡಾಟವಿದ್ದರೆ ಜೂನ್ ಬರುವ ಮೊದಲೇ ಬದಲಿಸಿ.

ವರ್ಷಕ್ಕೆ ಎಷ್ಟು ಓಡಿಸುತ್ತೀರಿ?

ಆಯ್ಕೆಯ ಮುಕ್ಕಾಲು ಪಾಲು ಈ ಪ್ರಶ್ನೆಯಲ್ಲೇ ತೀರ್ಮಾನವಾಗುತ್ತದೆ. ಅಂಗಡಿಯವರು ಕೇಳುವುದು ಮಾತ್ರ ಅಪರೂಪ.

ರಬ್ಬರ್ ಓಡಿದರೆ ಸವೆಯುತ್ತದೆ, ನಿಂತರೆ ಗಟ್ಟಿಯಾಗುತ್ತದೆ. ಬಿಸಿಲು, ಓಜೋನ್, ಶಾಖ ಸೇರಿ ಅದರ ಮೃದುತ್ವವನ್ನು ಮೆಲ್ಲಗೆ ಕಸಿಯುತ್ತವೆ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಂದ ತಪಾಸಣೆ ಮಾಡಿಸಬೇಕು. ಎಷ್ಟೇ ಚೆನ್ನಾಗಿ ಕಂಡರೂ ಹತ್ತು ವರ್ಷಕ್ಕೆ ತೆಗೆಯಲೇಬೇಕು ಎನ್ನುತ್ತವೆ ಹಲವು ಕಂಪನಿಗಳು. ರಾಯಚೂರು, ಕಲಬುರಗಿಯ ಬಿಸಿಲಲ್ಲಿ ಬಯಲಲ್ಲೇ ನಿಲ್ಲುವ ಕಾರಿಗೆ ಆರು ವರ್ಷವೇ ಸಾಕು ಎಂಬುದು ನಮ್ಮ ಅಭಿಪ್ರಾಯ.

ಈಗ ಲೆಕ್ಕ ಹಾಕಿ. ಒಂದು ಟೈರ್ 8,500 ರೂಪಾಯಿ, 50,000 ಕಿ.ಮೀ. ಬಾಳುತ್ತದೆ ಎಂದಿಟ್ಟುಕೊಳ್ಳಿ. ಇನ್ನೊಂದು 11,500 ರೂಪಾಯಿ, ಹಿಡಿತ ಜಾಸ್ತಿ, ಬಾಳಿಕೆ 35,000 ಕಿ.ಮೀ. ನಾಲ್ಕು ಟೈರಿಗೆ ಮೊದಲನೆಯದು ಕಿಲೋಮೀಟರಿಗೆ 68 ಪೈಸೆ, ಎರಡನೆಯದು 1 ರೂಪಾಯಿ 31 ಪೈಸೆ. ವರ್ಷಕ್ಕೆ 18,000 ಕಿ.ಮೀ. ಓಡಿಸುವವರಿಗೆ ವ್ಯತ್ಯಾಸ 11,000 ರೂಪಾಯಿ ದಾಟುತ್ತದೆ. ಜೊತೆಗೆ ಎರಡು ವರ್ಷವೂ ತುಂಬದೆ ಮತ್ತೆ ಅಂಗಡಿ ಮೆಟ್ಟಿಲು ಹತ್ತಬೇಕು.

ವರ್ಷಕ್ಕೆ 7,000 ಕಿ.ಮೀ. ಮಾತ್ರ ಓಡುವ ಕಾರು ಬೆಂಗಳೂರಿನಲ್ಲಿ ಬೇಕಾದಷ್ಟಿದೆ: ವಾರದ ದಿನ ಮೆಟ್ರೊ, ಕಾರು ಶನಿವಾರ ಭಾನುವಾರಕ್ಕೆ. ಅಂಥವರಿಗೆ 50,000 ಕಿ.ಮೀ. ಮುಗಿಯಲು ಏಳು ವರ್ಷ ದಾಟಬೇಕು. ಅಷ್ಟರಲ್ಲಿ ರಬ್ಬರ್ ಗಟ್ಟಿಯಾಗಿ, ಆರನೇ ವರ್ಷಕ್ಕೆ ಟ್ರೆಡ್ ಉಳಿದಿರುವಾಗಲೇ ತೆಗೆಯಬೇಕಾಗುತ್ತದೆ. ನಾಲ್ಕು ಟೈರಿನ 34,000 ರೂಪಾಯಿಯನ್ನು ಆರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 5,700. ಹಿಡಿತದ ಟೈರ್ ಐದು ವರ್ಷಕ್ಕೆ ಸರಿಯಾಗಿ ಸವೆದು ಮುಗಿಯುತ್ತದೆ, ವರ್ಷಕ್ಕೆ 9,200. ವ್ಯತ್ಯಾಸ ಬರೀ 3,500 ರೂಪಾಯಿ. ಕಡಿಮೆ ಓಡಿಸುವವರು ಬಾಳಿಕೆಗೆಂದು ದುಡ್ಡು ಕೊಡುವುದು ದಂಡ. ಬಳಸದೇ ಉಳಿಯುವ ಟ್ರೆಡ್ಡಿಗೆ ಹಾಕುವ ಹಣವನ್ನು ಹಿಡಿತಕ್ಕೆ ಹಾಕಿ.

ಮೂರು ಬಗೆ, ಮೂರು ಸ್ವಭಾವ

ಈ ಅಳತೆಯಲ್ಲಿ ಸಿಗುವ ಟೈರುಗಳನ್ನು ದಿನಬಳಕೆಯವು, ಆರಾಮದವು, ಹಿಡಿತದವು ಎಂದು ಮೂರಾಗಿ ವಿಂಗಡಿಸಬಹುದು. ಗೆರೆ ಕೊರೆದಂಥ ವಿಂಗಡಣೆಯೇನಲ್ಲ.

ದಿನಬಳಕೆಯ ಗುಂಪಿನಲ್ಲಿ ಅಪೊಲೊ ಆಲ್ನ್ಯಾಕ್ 4ಜಿ, ಸಿಯೆಟ್ ಸೆಕ್ಯುರಾಡ್ರೈವ್, ಜೆಕೆ ಯುಎಕ್ಸ್ ರಾಯಲ್, ಗುಡ್‌ಇಯರ್ ಅಶ್ಯೂರೆನ್ಸ್ ಟ್ರಿಪಲ್‌ಮ್ಯಾಕ್ಸ್ 2 ಇಂಥವು ಬರುತ್ತವೆ. ಬೆಲೆ ಹಿತ, ಊರೂರಲ್ಲಿ ಸಿಗುತ್ತವೆ, ಒಂದು ಟೈರ್ ಹಾಳಾದರೆ ಹಾಸನದಲ್ಲೋ ಶಿವಮೊಗ್ಗದಲ್ಲೋ ಅದೇ ದಿನ ಇನ್ನೊಂದು ಹಾಕಿಸಿಕೊಳ್ಳಬಹುದು. (ಜೆಕೆಯ ಮೈಸೂರು ಕಾರ್ಖಾನೆ ಹಿಂದೆ ವಿಕ್ರಾಂತ್ ಟೈರ್ಸ್ ಆಗಿತ್ತು. ಹಳೆಯ ಮೈಸೂರಿನವರ ಬಾಯಲ್ಲಿ ಇಂದಿಗೂ ಅದು ವಿಕ್ರಾಂತೇ.) ನಗರದ ಓಡಾಟಕ್ಕೆ, ಸಮಾಧಾನದ ಚಾಲಕರಿಗೆ ಇವು ಧಾರಾಳ ಸಾಕು. ಆದರೆ 250 ನ್ಯೂಟನ್ ಮೀಟರ್ ಎಂಜಿನ್ನಿಗೆ ಹಾಕಿದಾಗ ಒದ್ದೆ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಜೋರಾಗಿ ಆಕ್ಸಲರೇಟರ್ ಒತ್ತಿದರೆ ಮುಂದಿನ ಚಕ್ರ ಜಾರಿ ಟ್ರ್ಯಾಕ್ಷನ್ ಕಂಟ್ರೋಲ್ ದೀಪ ಮಿನುಗುವುದು ಹೆಚ್ಚು.

ಆರಾಮದ ಗುಂಪು ಹೆಚ್ಚಿನವರಿಗೆ ಸರಿಹೊಂದುತ್ತದೆ. ಮಿಶೆಲಿನ್ ಪ್ರೈಮಸಿ 4ಎಸ್‌ಟಿ, ಬ್ರಿಜ್‌ಸ್ಟೋನ್ ಟುರಾಂಜಾ, ಯೊಕೊಹಾಮಾ ಬ್ಲೂಅರ್ತ್-ಜಿಟಿ, ಕಾಂಟಿನೆಂಟಲ್ ಅಲ್ಟ್ರಾಕಾಂಟ್ಯಾಕ್ಟ್ ಯುಸಿ6 ಇಲ್ಲಿವೆ. ಇವುಗಳ ನಡುವೆಯೂ ಸ್ವಭಾವದ ವ್ಯತ್ಯಾಸವಿದೆ. ಪ್ರೈಮಸಿಯ ಒಲವು ಸದ್ದು ಅಡಗಿಸಿ, ರಸ್ತೆಯ ಏರುಪೇರು ನುಂಗುವುದರತ್ತ. ಬದಲಿಗೆ ಸ್ಟೀರಿಂಗ್ ತಿರುಗಿಸಿದ ಕೂಡಲೇ ಕಾರು ತಿರುಗುವ ಚುರುಕು ತುಸು ಕಡಿಮೆ. ಯುಸಿ6ನ ಸೈಡ್‌ವಾಲ್ ಸ್ವಲ್ಪ ಬಿಗಿ, ಒದ್ದೆಯಲ್ಲಿ ಬ್ರೇಕ್ ಹಿಡಿತಕ್ಕೆ ಒಳ್ಳೆಯ ಹೆಸರು, ಸಣ್ಣ ಗುಂಡಿಗಳು ಮಾತ್ರ ಸೀಟಿನವರೆಗೆ ತಿಳಿಯುತ್ತವೆ. ಬ್ಲೂಅರ್ತ್-ಜಿಟಿ ಇವೆರಡರ ಮಧ್ಯೆ ನಿಲ್ಲುತ್ತದೆ. ಮನೆಮಂದಿಯ ಕಾರು, ಆಗಾಗ ಘಾಟಿಯಲ್ಲಿ ಖುಷಿಗೆ ಓಡಿಸುವುದೂ ಉಂಟು ಎನ್ನುವವರು ಮೊದಲು ನೋಡಬೇಕಾದದ್ದು ಇಂಥ ಮಧ್ಯದ ಟೈರು. ಸದ್ದಿಗೇ ತಲೆಕೆಡುವವರಾದರೆ ಪ್ರೈಮಸಿ.

ಸದ್ದಿನ ವಿಷಯ ಬಂದಾಗ ಬೆಂಗಳೂರಿನವರು ಒಂದನ್ನು ಗಮನಿಸಬೇಕು. ವೈಟ್ ಟಾಪಿಂಗ್ ಆದ ಕಾಂಕ್ರೀಟ್ ರಸ್ತೆಗಳ ಮೈಮೇಲೆ ಅಡ್ಡ ಗೀರು ಹಾಕಿರುತ್ತಾರೆ, ಒದ್ದೆಯಲ್ಲಿ ಜಾರದಿರಲಿ ಎಂದು. ಅಲ್ಲಿ ಯಾವ ಟೈರೂ ಗುಂಯ್‌ಗುಡುತ್ತದೆ. ಟ್ರೆಡ್ ದಿಮ್ಮಿಗಳು ಒಂದೇ ಅಂತರದಲ್ಲಿದ್ದರೆ ಸದ್ದು ಒಂದೇ ಸ್ವರಕ್ಕೆ ಕೂಡಿಕೊಂಡು ಕಿವಿಗೆ ಬಡಿಯುತ್ತದೆ. ಒಳ್ಳೆಯ ಟೈರುಗಳಲ್ಲಿ ದಿಮ್ಮಿಗಳ ಅಳತೆಯನ್ನು ಬೇಕೆಂದೇ ಹೆಚ್ಚುಕಡಿಮೆ ಮಾಡಿ ಸದ್ದನ್ನು ಚದುರಿಸಿರುತ್ತಾರೆ. ಹೊಸದರಲ್ಲಿ ಎಲ್ಲವೂ ನಿಶ್ಶಬ್ದವೇ. 20,000 ಕಿ.ಮೀ. ಆದಮೇಲೆ ಹೇಗಿರುತ್ತದೆ ಎಂದು ಅದೇ ಕಾರು, ಅದೇ ಟೈರ್ ಇಟ್ಟುಕೊಂಡವರನ್ನು ಕೇಳಿ.

ಹಿಡಿತದ ಗುಂಪಿನ ಹೆಸರಾಂತ ಟೈರ್ ಮಿಶೆಲಿನ್ ಪೈಲಟ್ ಸ್ಪೋರ್ಟ್ 4. ಗುಡ್‌ಇಯರ್ ಈಗಲ್ ಎಫ್1 ಅಸಿಮೆಟ್ರಿಕ್, ಕಾಂಟಿನೆಂಟಲ್ ಮ್ಯಾಕ್ಸ್‌ಕಾಂಟ್ಯಾಕ್ಟ್ ಎಂಸಿ6 ಕೂಡ ಇದೇ ಸಾಲಿನವು. ಸ್ಟೀರಿಂಗಿಗೆ ಕಾರು ತಕ್ಷಣ ಓಗೊಡುತ್ತದೆ, ಒದ್ದೆಯಲ್ಲೂ ಬ್ರೇಕ್ ಒತ್ತಿದಲ್ಲಿ ನಿಲ್ಲುತ್ತದೆ. ಸವೆತ ಬೇಗ, ಬೆಲೆ ಹೆಚ್ಚು, ಮೈಲೇಜ್ ತುಸು ಇಳಿಯುತ್ತದೆ. ಈ ಗುಂಪಿನ ಹೊಸ ಮಾದರಿಗಳು ಹೆಚ್ಚಾಗಿ 17 ಇಂಚು ಮತ್ತು ಮೇಲಿನ ಅಳತೆಗಳಲ್ಲೇ ಬರುತ್ತವೆ. 16 ಇಂಚಿನಲ್ಲಿ ನಾಲ್ಕೂ ಒಂದೇ ಕಾಲದ ಸ್ಟಾಕ್ ಸಿಗುತ್ತದೆಯೇ ಎಂದು ಮುಂಗಡ ಕೊಡುವ ಮೊದಲೇ ಖಾತ್ರಿ ಮಾಡಿಕೊಳ್ಳಿ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿ ಪರವಾನಗಿ ಕಡ್ಡಾಯ ಮಾಡಿತು. ಹೊರದೇಶದಿಂದ ಬರುವ ಮಾದರಿಗಳು ಆಮೇಲಿಂದ ಕೆಲವೊಮ್ಮೆ ಸಿಗುವುದು, ಕೆಲವೊಮ್ಮೆ ಸಿಗದಿರುವುದು ಶುರುವಾಯಿತು. ನಾಲ್ಕು ಹಾಕಿಸಿಕೊಂಡ ಮೇಲೆ ಒಂದು ಹರಿದು, ಅದರ ಜೋಡಿ ಸಿಗದಿದ್ದರೆ ಎರಡನ್ನು ಹೊಸದಾಗಿ ಕೊಳ್ಳಬೇಕಾಗುತ್ತದೆ.

ಒದ್ದೆಯ ಹಿಡಿತಕ್ಕೇ ಮೊದಲ ಮಣೆ

ಒಣ ರಸ್ತೆಯಲ್ಲಿ ಈ ಮೂರೂ ಬಗೆಯ ಟೈರುಗಳು ಸಾಮಾನ್ಯ ವೇಗಕ್ಕೆ ಸಾಲುತ್ತವೆ. ಅಂತರ ತೆರೆದುಕೊಳ್ಳುವುದು ನೆಲ ಒದ್ದೆಯಾದಾಗ. ಬೆಂಗಳೂರಿನ ಮೊದಲ ಮಳೆಗೆ ತಿಂಗಳುಗಟ್ಟಲೆ ಕೂತ ಎಣ್ಣೆ, ಧೂಳು, ರಬ್ಬರ್ ಪುಡಿ ಕಲೆತು ತೆಳು ಪದರವಾಗುತ್ತದೆ. ಮೊದಲ ಅರ್ಧ ತಾಸಿನ ಜಾರಿಕೆಗೆ ಅದೇ ಕಾರಣ. ಕರಾವಳಿಯಲ್ಲಿ ಕೆಂಪು ಕಲ್ಲಿನ ಕೆಸರು, ಘಾಟಿಯ ತಿರುವಿನಲ್ಲಿ ಇಳಿಯುವ ನೀರು.

ಇಲ್ಲಿ ಕೆಲಸ ಎರಡು ಬೇರೆ ಬೇರೆ. ನಿಂತ ನೀರನ್ನು ಹೊರಹಾಕುವುದು ತೋಡುಗಳ ಕೆಲಸ. ತೆಳು ತೇವದ ಮೇಲೆ ರಸ್ತೆಗೆ ಅಂಟಿಕೊಳ್ಳುವುದು ರಬ್ಬರಿನ ಕೆಲಸ. ರಬ್ಬರ್ ಕಲ್ಲಿನ ಸೂಕ್ಷ್ಮ ಏರಿಳಿತದೊಳಗೆ ಇಳಿದು ಎದ್ದು ಬರುವಾಗ ಶಕ್ತಿ ಕಳೆದುಕೊಳ್ಳಬೇಕು, ಆಗಲೇ ಹಿಡಿತ. ಆದರೆ ಉರುಳುವಾಗ ಶಕ್ತಿ ಕಳೆದರೆ ಪೆಟ್ರೋಲ್ ಖರ್ಚು. ಹಿಂದೆ ಕಾರ್ಬನ್ ಬ್ಲ್ಯಾಕ್ ಒಂದನ್ನೇ ನೆಚ್ಚಿಕೊಂಡಿದ್ದಾಗ ಒಂದನ್ನು ಪಡೆದರೆ ಇನ್ನೊಂದು ಹೋಗುತ್ತಿತ್ತು. ಸಿಲಿಕಾ ಬೆರೆಸಿದ ಮೇಲೆ ಎರಡನ್ನೂ ಸ್ವಲ್ಪ ಮಟ್ಟಿಗೆ ಒಟ್ಟಿಗೆ ಪಡೆಯಲು ಸಾಧ್ಯವಾಯಿತು. ಬರೀ ಟ್ರೆಡ್ ವಿನ್ಯಾಸ ನೋಡಿ ಮಳೆಗೆ ಚೆನ್ನಾಗಿದೆ ಎನ್ನುವುದು ಇದರಿಂದಾಗಿ ಅರ್ಧ ಮಾತು. ಚಂದದ ತೋಡಿರುವ ಗಟ್ಟಿ ರಬ್ಬರಿನ ಟೈರ್ ತೆಳು ತೇವದಲ್ಲೇ ಜಾರುತ್ತದೆ.

ತಿಳಿಯುವುದು ಹೇಗೆ? ಯುರೋಪಿನ ಲೇಬಲ್ಲಿನಲ್ಲಿ ಒದ್ದೆ ಹಿಡಿತಕ್ಕೆ 'ಎ'ಯಿಂದ 'ಇ' ತನಕ ದರ್ಜೆ ಇರುತ್ತದೆ, 'ಎ' ಅಥವಾ 'ಬಿ' ಇರುವುದನ್ನು ಹುಡುಕಿ. ಆದರೆ ಒಂದೇ ಹೆಸರಿನ ಟೈರ್ ಯುರೋಪಿಗೆ ಬೇರೆ ರಬ್ಬರ್, ಏಷ್ಯಾಕ್ಕೆ ಬೇರೆ ರಬ್ಬರ್ ಆಗಿರಬಹುದು. ಅಲ್ಲಿನ ಪ್ರೈಮಸಿ 4ರ ದರ್ಜೆಯನ್ನು ಇಲ್ಲಿನ ಪ್ರೈಮಸಿ 4ಎಸ್‌ಟಿಗೆ ಹಚ್ಚಲು ಬರುವುದಿಲ್ಲ. ನಮ್ಮಲ್ಲಿ ಎಐಎಸ್-142 ಎಂಬ ಮಾನದಂಡ ಒದ್ದೆ ಹಿಡಿತ, ಉರುಳು ತಡೆ, ಸದ್ದು ಮೂರಕ್ಕೂ ಕನಿಷ್ಠ ಮಟ್ಟ ಗೊತ್ತುಮಾಡಿದೆ. ಹೊಸ ವಿನ್ಯಾಸಗಳಿಗೆ ಇದು 2022ರ ಅಕ್ಟೋಬರಿನಿಂದ ಅನ್ವಯವಾಗಿದೆ. ಪಾಸಾಯಿತೋ ಇಲ್ಲವೋ ಎಂಬುದಷ್ಟೇ ಇದರಿಂದ ತಿಳಿಯುತ್ತದೆ, ಯಾವುದು ಹೆಚ್ಚು ಎಂಬುದಲ್ಲ. ಬಿಇಇ (ಕೇಂದ್ರ ಸರ್ಕಾರದ ಇಂಧನ ದಕ್ಷತೆಯ ಸಂಸ್ಥೆ) ನಕ್ಷತ್ರದ ಲೇಬಲ್ ಇಂಧನ ಉಳಿತಾಯದ್ದು. ಐದು ನಕ್ಷತ್ರ ಕಂಡು ಹಿಡಿತವೂ ಐದು ನಕ್ಷತ್ರ ಎಂದುಕೊಳ್ಳಬೇಡಿ. ಸೈಡ್‌ವಾಲ್ ಮೇಲೆ ಟ್ರೆಡ್‌ವೇರ್ 340, 500 ಎಂದು ಬರೆದಿರುವುದು ಅಮೆರಿಕದ ಪದ್ಧತಿ. ಆ ಅಂಕಿಯನ್ನು ಕಂಪನಿಗಳೇ ಕೊಟ್ಟುಕೊಳ್ಳುತ್ತವೆ. ಒಂದೇ ಕಂಪನಿಯ ಎರಡು ಟೈರ್ ಹೋಲಿಸಲು ಸರಿ, ಬೇರೆ ಬೇರೆ ಕಂಪನಿಗಳ ನಡುವೆ ಹೆಚ್ಚು ಅರ್ಥವಿಲ್ಲ.

ಜರ್ಮನಿಯಲ್ಲಿ ಇದೇ ಅಳತೆಯ ಟೈರಿನ ಕಾರು ಇಟ್ಟುಕೊಂಡಿರುವ ಕನ್ನಡಿಗರ ಲೆಕ್ಕ ಬೇರೆ. ಅಲ್ಲಿ ಹಿಮ, ಮಂಜುಗಡ್ಡೆಯ ರಸ್ತೆಗೆ ಚಳಿಗಾಲದ ಟೈರ್ ಕಡ್ಡಾಯ, 2024ರ ಅಕ್ಟೋಬರಿನಿಂದ ಬೆಟ್ಟ ಮತ್ತು ಹಿಮದ ಹರಳಿನ ಗುರುತು ಇರುವುದು ಮಾತ್ರ ನಡೆಯುತ್ತದೆ. ಕರ್ನಾಟಕದಲ್ಲಿ ಆಲ್ ಸೀಸನ್ ಎಂಬ ಹೆಸರಿಗೆ ಹೆಚ್ಚು ಹಣ ಕೊಡಬೇಕಾಗಿಲ್ಲ.

91ವಿ, 94ವಿ, ಎಕ್ಸ್‌ಎಲ್

ಅಳತೆಯ ಪಕ್ಕದ 91 ಎಂದರೆ ಒಂದು ಟೈರ್ ಹೊರಬಲ್ಲ ಭಾರ 615 ಕೆ.ಜಿ., 94 ಎಂದರೆ 670 ಕೆ.ಜಿ. ಎಚ್ ಗಂಟೆಗೆ 210, ವಿ 240, ಡಬ್ಲ್ಯೂ 270 ಕಿ.ಮೀ. ವೇಗದ ಮಿತಿ. ಕಾರಿನ ಜೊತೆ ಬಂದದ್ದಕ್ಕಿಂತ ಭಾರದ ಅಂಕಿಯಾಗಲಿ ವೇಗದ ಅಕ್ಷರವಾಗಲಿ ಕೆಳಗಿಳಿಯಬಾರದು. ನಾವೇನು 240ರಲ್ಲಿ ಓಡಿಸುತ್ತೇವೆಯೇ ಎಂದು ಎಚ್ ಟೈರ್ ತಂದುಕೊಡುವವರಿದ್ದಾರೆ. ವೇಗದ ಅಕ್ಷರ ಟೈರಿನ ಕಟ್ಟಡ ಶಾಖವನ್ನು ಎಷ್ಟು ತಡೆಯುತ್ತದೆ ಎಂಬುದರ ಸೂಚನೆಯೂ ಹೌದು. ಕಡಿಮೆ ದರ್ಜೆಯದು ಹಾಕಿ ಅಪಘಾತವಾದರೆ ವಿಮೆಯವರ ಪ್ರಶ್ನೆಗೂ ಉತ್ತರ ಹೇಳಬೇಕು.

ಎಕ್ಸ್‌ಎಲ್ (ಎಕ್ಸ್‌ಟ್ರಾ ಲೋಡ್) ಎಂದು ಬರೆದ ಟೈರ್ ಹಾಕಿದರೆ ಸಾಕು, ಹೆಚ್ಚು ಭಾರ ಹೊರುತ್ತದೆ ಎಂಬ ತಪ್ಪು ತಿಳುವಳಿಕೆ ಬೇರೂರಿದೆ. ಸಾಮಾನ್ಯ 91ರ ಭಾರದ ಲೆಕ್ಕ 250 ಕಿಲೋಪಾಸ್ಕಲ್, ಅಂದರೆ 36 ಪಿಎಸ್‌ಐ ಒತ್ತಡದ್ದು. ಎಕ್ಸ್‌ಎಲ್ 94ರ ಲೆಕ್ಕ 290 ಕಿಲೋಪಾಸ್ಕಲ್, ಸುಮಾರು 42 ಪಿಎಸ್‌ಐ ಒತ್ತಡದ್ದು. ಎರಡಕ್ಕೂ 33 ಪಿಎಸ್‌ಐ ಗಾಳಿಯೇ ಹೊಡೆಸಿದರೆ ಎಕ್ಸ್‌ಎಲ್ ಹೆಚ್ಚೇನೂ ಭಾರ ಹೊರುವುದಿಲ್ಲ. ಸೈಡ್‌ವಾಲ್ ತುಸು ಬಿಗಿ ಎಂಬ ಲಾಭವಿದ್ದರೂ ಅದಕ್ಕೆ ತಕ್ಕ ಕುಲುಕಾಟವೂ ಬರುತ್ತದೆ.

ಅಳತೆ ಬದಲಿಸಬೇಕೆ?

ಸೈಡ್‌ವಾಲ್ ಎತ್ತರ, ಒಟ್ಟು ವ್ಯಾಸ, ಮೂಲ ಅಳತೆಗಿಂತ ಎಷ್ಟು ವ್ಯತ್ಯಾಸ ಎಂದು ನೋಡೋಣ:

| ಅಳತೆ | ಸೈಡ್‌ವಾಲ್ (ಮಿ.ಮೀ.) | ವ್ಯಾಸ (ಮಿ.ಮೀ.) | ವ್ಯತ್ಯಾಸ |
|---|---|---|---|
| 205/55 ಆರ್16 | 113 | 632 | ಮೂಲ |
| 215/55 ಆರ್16 | 118 | 643 | +1.7% |
| 225/50 ಆರ್16 | 113 | 631 | −0.1% |
| 225/45 ಆರ್17 | 101 | 634 | +0.4% |
| 215/50 ಆರ್17 | 108 | 647 | +2.4% |

ಗುಂಡಿ, ಹಂಪ್‌ಗಳ ಕಾಟದಿಂದ ಬೇಸತ್ತವರು ಇವುಗಳಲ್ಲಿ 215/55 ಆರ್16 ಪರಿಗಣಿಸಬಹುದು. ಇರುವ ಅಲಾಯ್‌ಗೇ ಕೂರುತ್ತದೆ (ರಿಮ್ ಅಗಲ 6 ಇಂಚಿಗಿಂತ ಕಡಿಮೆ ಇರಬಾರದು), ನೆಲದಿಂದ ಐದೂವರೆ ಮಿಲಿಮೀಟರ್ ಎತ್ತರ ಸಿಗುತ್ತದೆ. ಟೈರ್ ಭಾರ ಜಾಸ್ತಿ, ಗೇರಿಂಗ್ ಒಂದಿಷ್ಟು ಉದ್ದವಾಗುತ್ತದೆ (ಅದೇ ಗೇರಿನಲ್ಲಿ ಎಳೆತ ತುಸು ಮಂದ), ಮೈಲೇಜ್ ಸ್ವಲ್ಪ ಕೆಳಗೆ. ಹಾಕಿಸಿದ ದಿನವೇ ಐದು ಜನರನ್ನು ಕೂರಿಸಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಚಕ್ರದ ಒಳಗಿನ ಲೈನಿಂಗ್‌ಗೆ ಉಜ್ಜುತ್ತದೆಯೇ ಕೇಳಿಸಿಕೊಳ್ಳಿ.

17 ಇಂಚಿಗೆ ಹೋಗುವ ಆಸೆ ಚಂದದ್ದು, ನಮ್ಮ ರಸ್ತೆಗೆ ಜಾಣತನದ್ದಲ್ಲ. 225/45ರಲ್ಲಿ ಸೈಡ್‌ವಾಲ್ 12 ಮಿ.ಮೀ. ಕಮ್ಮಿ. ಗುಂಡಿಯ ಅಂಚಿಗೆ ಬಡಿದಾಗ ಅಷ್ಟೇ ಜಾಗದಲ್ಲಿ ಟೈರ್ ರಿಮ್ಮಿಗೂ ಕಲ್ಲಿಗೂ ನಡುವೆ ಹಿಸುಕಿಕೊಳ್ಳಬೇಕು. ಒಳಗಿನ ದಾರಗಳು ತುಂಡಾದರೆ ಮರುದಿನ ಸೈಡ್‌ವಾಲಿನಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು. ಅದಕ್ಕೆ ರಿಪೇರಿ ಇಲ್ಲ. ಅಲಾಯ್ ಬಾಗಿದರೆ ಅದರ ಖರ್ಚು ಬೇರೆ. ಮಾಡಲೇಬೇಕೆಂದಿದ್ದರೆ ಹಬ್ ರಂಧ್ರ (ಅಲಾಯ್ ನಡುವಿನ ತೂತು) ನೋಡಿ: ಸ್ಲಾವಿಯಾ, ವರ್ಟಸ್‌ನದು 57.1 ಮಿ.ಮೀ. ಹೊರಗಿನ ಅಲಾಯ್‌ಗಳ ರಂಧ್ರ ಹೆಚ್ಚಾಗಿ ಇದಕ್ಕಿಂತ ದೊಡ್ಡದು. ಮಧ್ಯದ ಬಳೆ ಹಾಕದೆ ಬಿಗಿದರೆ ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ 90ರ ಆಸುಪಾಸಿನಲ್ಲಿ ಸ್ಟೀರಿಂಗ್ ನಡುಗುತ್ತದೆ. ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ.

ಎರಡೇ ಸಾಕೆ, ನಾಲ್ಕೂ ಬೇಕೆ?

ನಾಲ್ಕೂ ಒಂದೇ ಮಾದರಿ ಇರುವುದು ಉತ್ತಮ. ಮುಂದಿನವು ಮಾತ್ರ ಸವೆದಿದ್ದು ಎರಡೇ ಕೊಳ್ಳುವುದಾದರೆ ಹೊಸವನ್ನು ಹಿಂದೆ ಹಾಕಿ, ಹಿಂದಿನ ಅರೆಸವೆದವನ್ನು ಮುಂದಕ್ಕೆ ತನ್ನಿ. ಎಂಜಿನ್ ಎಳೆಯುವುದು ಮುಂದೆ, ಹೊಸದು ಹಿಂದೇಕೆ ಎಂದು ಅಂಗಡಿಯವರೇ ವಾದಿಸುತ್ತಾರೆ. ಒದ್ದೆ ತಿರುವಿನಲ್ಲಿ ಮುಂದಿನ ಟೈರ್ ಜಾರಿದರೆ ಕಾರು ನೇರಕ್ಕೆ ಹೋಗಲು ನೋಡುತ್ತದೆ. ಆಕ್ಸಲರೇಟರ್ ಬಿಟ್ಟರೆ ಹಿಡಿತ ವಾಪಸ್ ಬರುತ್ತದೆ. ಹಿಂದಿನದು ಜಾರಿದರೆ ಬಾಲ ತಿರುಗಿ ಬುಗುರಿಯಾಗುತ್ತದೆ, ಗಾಬರಿಯಲ್ಲಿ ಕಾಲು ತೆಗೆದರೆ ಇನ್ನಷ್ಟು ತಿರುಗುತ್ತದೆ. ಕಾರು ಜಾರದಂತೆ ತಾನೇ ಬ್ರೇಕ್ ಹಾಕುವ ಇಎಸ್‌ಸಿ ಇದ್ದರೂ ಅದು ಕೆಲಸ ಮಾಡಬೇಕಾದದ್ದು ಟೈರಿಗೆ ಉಳಿದಿರುವ ಹಿಡಿತದಲ್ಲೇ.

ಅಂಗಡಿಯಲ್ಲಿ

ಜೆ.ಸಿ. ರಸ್ತೆಯಲ್ಲಿ ಕೊಂಡರೂ ಸರಿ, ಆನ್‌ಲೈನ್ ತರಿಸಿದರೂ ಸರಿ, ಟೈರ್ ರಿಮ್ಮಿಗೆ ಏರುವ ಮೊದಲು ಸೈಡ್‌ವಾಲಿನ ನಾಲ್ಕಂಕಿ ಓದಿ. 2325 ಎಂದರೆ 2025ರ 23ನೇ ವಾರದ ತಯಾರಿ. ಈ ಅಂಕಿ ಒಂದು ಬದಿಯಲ್ಲಿ ಮಾತ್ರ ಇರಬಹುದು, ಆ ಬದಿ ಒಳಕ್ಕೆ ಹೋದಮೇಲೆ ನೋಡಲು ಪಿಟ್ಟಿಗೆ ಇಳಿಯಬೇಕು. ಆರು ತಿಂಗಳೊಳಗಿನದು ಕೇಳಿ, ನೆರಳಲ್ಲಿಟ್ಟ ಒಂದು ವರ್ಷದ್ದಾದರೂ ಚಿಂತೆಯಿಲ್ಲ, ಎರಡು ವರ್ಷ ದಾಟಿದ್ದಕ್ಕೆ ರಿಯಾಯಿತಿ ಕೊಟ್ಟರೂ ಬೇಡ ಎನ್ನಿ. ಐಎಸ್‌ಐ ಗುರುತು ಇರಲೇಬೇಕು. 2025ರ ಸೆಪ್ಟೆಂಬರ್ 22ರಿಂದ ಕಾರಿನ ಹೊಸ ಟೈರಿನ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದು ಕಾಣಬೇಕು, ಟೈರಿನ ಕ್ರಮಸಂಖ್ಯೆಯೂ ಬರೆದಿರಬೇಕು. ಬಿಲ್ ಇಲ್ಲದೆ ವಾರಂಟಿ ಇಲ್ಲ. ವಾರಂಟಿ ಎಂದರೆ ಸಾಮಾನ್ಯವಾಗಿ ತಯಾರಿಕೆಯ ದೋಷಕ್ಕೆ. ಗುಂಡಿಯಿಂದ ಬಂದ ಉಬ್ಬಿಗೂ ಬದಲಿ ಕೊಡುವ ಯೋಜನೆ ಕೆಲವರಲ್ಲಿದೆ, ಅದಕ್ಕೆ ಬೇರೆಯಾಗಿ ನೋಂದಾಯಿಸಬೇಕಾಗುತ್ತದೆ.

ಸೆಕೆಂಡ್ ಹ್ಯಾಂಡ್ ಟೈರ್ ಮಾತ್ರ ಬೇಡವೇ ಬೇಡ. ಬೋಳಾದದ್ದಕ್ಕೆ ಬಿಸಿ ಬ್ಲೇಡಿನಲ್ಲಿ ತೋಡು ಕೊರೆದು ಮಾರುತ್ತಾರೆ. ಲಾರಿಯ ಕೆಲವು ಟೈರುಗಳಲ್ಲಿ ಹಾಗೆ ಕೊರೆಯಲೆಂದೇ ರಬ್ಬರ್ ದಪ್ಪ ಇಟ್ಟಿರುತ್ತಾರೆ, ಕಾರಿನದರಲ್ಲಿ ಇಲ್ಲ. ಕೊರೆದ ತೋಡಿನ ಕೆಳಗೆ ಉಳಿಯುವುದು ಉಕ್ಕಿನ ತಂತಿ.

ಜೋಡಿಸುವಾಗ ಹತ್ತಿರ ನಿಂತು ನೋಡಬೇಕಾದವು ಇವು. ಹಳೆ ಟೈರ್ ಬಿಚ್ಚಿದ ಮೇಲೆ ರಿಮ್ಮಿನ ಅಂಚಿನ ಕೊಳೆ, ಬಿಳಿ ಪುಡಿ ಉಜ್ಜಿ ತೆಗೆಸಿ. ಅದು ಉಳಿದರೆ ವಾರಕ್ಕೆ ಎರಡು ಮೂರು ಪಿಎಸ್‌ಐ ಸೋರುತ್ತಲೇ ಇರುತ್ತದೆ, ಪಂಚರ್ ಹುಡುಕಿದರೆ ಸಿಗುವುದಿಲ್ಲ. ರಬ್ಬರ್ ವಾಲ್ವ್ ಹೊಸದೇ ಹಾಕಿಸಿ, ಖರ್ಚು ಚಿಲ್ಲರೆ ಕಾಸು. ವಾಲ್ವಿನಲ್ಲೇ ಸೆನ್ಸರ್ ಇರುವ ಕಾರಾದರೆ ಮೊದಲೇ ಹೇಳಿ, ಯಂತ್ರದ ತೋಳು ತಗುಲಿದರೆ ಸೆನ್ಸರ್ ಮುರಿಯುತ್ತದೆ. ಎಬಿಎಸ್ ಮೂಲಕ ಲೆಕ್ಕ ಹಾಕುವ ವ್ಯವಸ್ಥೆಯಾದರೆ ಗಾಳಿ ಸರಿಮಾಡಿದ ಮೇಲೆ ರೀಸೆಟ್ ಮಾಡಬೇಕು. ಹೊರಬದಿ ಎಂದು ಗುರುತಿದ್ದರೆ ಅದು ಹೊರಗೇ ಬರಬೇಕು, ಬಾಣದ ಗುರುತಿದ್ದರೆ ಮುಂದಕ್ಕೆ ಉರುಳುವ ದಿಕ್ಕಿಗೆ. ಹಳದಿ ಚುಕ್ಕೆ ಟೈರಿನ ಹಗುರ ಜಾಗ, ಅದನ್ನು ವಾಲ್ವಿನ ನೇರಕ್ಕೆ, ಪಕ್ಕದಲ್ಲೇ ಕೂರಿಸಿದರೆ ಬ್ಯಾಲೆನ್ಸಿಂಗ್ ತೂಕ ಕಮ್ಮಿ ಸಾಕಾಗುತ್ತದೆ. ಅಲಾಯ್‌ಗೆ ಒಳಬದಿಯಲ್ಲಿ ಅಂಟಿಸುವ ತೂಕ ಹಾಕಿಸಿ, ಅಂಚಿಗೆ ಬಡಿಯುವುದು ಬೇಡ. ಬೋಲ್ಟ್‌ಗಳನ್ನು ಮೊದಲು ಕೈಯಲ್ಲಿ ತಿರುಗಿಸಿ, ಎದುರುಬದುರಾಗಿ ಬಿಗಿದು, ಕೊನೆಗೆ ಮ್ಯಾನ್ಯುಯಲ್‌ನಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ವ್ರೆಂಚಿನಲ್ಲಿ ನಿಲ್ಲಿಸಬೇಕು. ಗಾಳಿ ಗನ್ನಿನಲ್ಲಿ ಗರ್ರನೆ ಬಿಗಿದು ಬಿಟ್ಟರೆ ರಸ್ತೆಯಲ್ಲಿ ಪಂಚರಾದಾಗ ಕಾರಿನ ಸ್ಪ್ಯಾನರಿಗೆ ಅದು ಬಗ್ಗುವುದಿಲ್ಲ. 50-100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿತ ನೋಡಿಸಿ. ಅಲೈನ್‌ಮೆಂಟ್ ಮಾಡಿಸಿದರೆ ಮೊದಲಿನ ಮತ್ತು ನಂತರದ ಅಂಕಿಗಳ ಪ್ರಿಂಟ್ ಕೇಳಿ ಪಡೆಯಿರಿ.

ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಿಡಿಸಲು ಬಳಸಿದ ಜಾರು ಪದಾರ್ಥದ ಪಸೆ ಇರುತ್ತದೆ. ಮೊದಲ 200-300 ಕಿ.ಮೀ. ತಿರುವಿನಲ್ಲಿ, ಮಳೆಯಲ್ಲಿ ಜೋರು ಮಾಡಬೇಡಿ. ಸೀದಾ ಚಾರ್ಮಾಡಿಗೆ ಹೊರಡುವುದು ಬೇಡ.

ಆಮೇಲೆ

ಗಾಳಿ ಎಷ್ಟಿರಬೇಕೆಂಬ ಅಂಕಿ ಚಾಲಕನ ಬಾಗಿಲ ಕಂಬದಲ್ಲೋ ಪೆಟ್ರೋಲ್ ಮುಚ್ಚಳದ ಒಳಗೋ ಇರುತ್ತದೆ, ಇಬ್ಬರಿಗೆ ಒಂದು, ಪೂರ್ತಿ ಲೋಡಿಗೆ ಒಂದು. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಒತ್ತಡ, ಅದನ್ನು ಹೊಡೆಸಬಾರದು. ಊರಿಗೆ ಹೊರಡುವ ದಿನ ಲೋಡಿನ ಅಂಕಿಗೆ ಏರಿಸಿ, ಹಿಂದಿನ ಚಕ್ರಕ್ಕೆ ಹೆಚ್ಚಿಗೆ ಬೇಕಾಗುವುದು ಸಾಮಾನ್ಯ. ಬೆಳಿಗ್ಗೆ ತಣ್ಣಗಿರುವಾಗ ಅಳೆಯಿರಿ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಒಂದು ಗಂಟೆ ಓಡಿದ ಟೈರಿನಲ್ಲಿ ನಾಲ್ಕೈದು ಪಿಎಸ್‌ಐ ಹೆಚ್ಚು ತೋರಿಸುವುದು ಸಹಜ. ಆ ಹೆಚ್ಚಿನ ಗಾಳಿಯನ್ನು ಹೊರಗೆ ಬಿಟ್ಟರೆ ಮರುದಿನ ಗಾಳಿ ಕಡಿಮೆಯಾಗಿರುತ್ತದೆ, ಕಡಿಮೆ ಗಾಳಿಯ ಟೈರ್ ಬಿಸಿಲಲ್ಲಿ ಸೈಡ್‌ವಾಲ್ ಮಡಚಿ ಮಡಚಿ ಕಾದು ಸಿಡಿಯುವುದು ಹೀಗೇ. ನೈಟ್ರೋಜನ್ ಬಿಟ್ಟಿ ಸಿಕ್ಕರೆ ಹೊಡೆಸಿ. ಗಾಳಿಯಲ್ಲೇ 78 ಶೇಕಡಾ ನೈಟ್ರೋಜನ್ ಇದೆ.

8,000ದಿಂದ 10,000 ಕಿ.ಮೀ.ಗೊಮ್ಮೆ ಟೈರ್ ಜಾಗ ಬದಲಿಸಿ: ಮುಂದಿನವು ನೇರ ಹಿಂದಕ್ಕೆ, ಹಿಂದಿನವು ಅಡ್ಡ ದಾಟಿ ಮುಂದಕ್ಕೆ. ಬಾಣದ ಗುರುತಿನವು ಅದದೇ ಬದಿಯಲ್ಲಿ ಹಿಂದೆ ಮುಂದೆ ಮಾತ್ರ. ಪಂಚರಾದರೆ ರಸ್ತೆಬದಿಯ ಬತ್ತಿ ಮನೆ ಸೇರಲು ಸಾಕು, ಆಮೇಲೆ ಟೈರ್ ಬಿಚ್ಚಿಸಿ ಒಳಗಿನಿಂದ ಅಣಬೆ ಆಕಾರದ ಪ್ಯಾಚ್ ಹಾಕಿಸಿ, ಗಾಳಿಯಿಲ್ಲದೆ ಓಡಿದ್ದರೆ ಒಳಗೋಡೆಯಲ್ಲಿ ಕಪ್ಪು ರಬ್ಬರ್ ಪುಡಿ ಉದುರಿದೆಯೇ ಎಂದೂ ನೋಡಿಸಿ. ಪುಡಿ ಇದ್ದರೆ ಪ್ಯಾಚಿಗೆ ದುಡ್ಡು ಹಾಕದೆ ಟೈರನ್ನೇ ತೆಗೆಸಿ. ಸ್ಟೆಪ್ನಿ ಬೇರೆ ಅಳತೆಯದಾಗಿದ್ದರೆ ಅದರ ಮೇಲೆ ಬರೆದಿರುವ ವೇಗದ ಮಿತಿ ಓದಿಕೊಳ್ಳಿ, ಅದಕ್ಕೂ ತಿಂಗಳಿಗೊಮ್ಮೆ ಗಾಳಿ ಹೊಡೆಸಿ.